ಚೆಕ್‌ಸಮ್ ಸರಿ ಇತ್ತು, ಫೈಲೇ ಸರಿ ಇರಲಿಲ್ಲ

ಫೈಲ್ ತಿದ್ದಿದಾಗ ಹಳೆಯ ಮಾಹಿತಿಯ ಮೇಲೆಯೇ ಬರೆಯುವುದು ಸಾಂಪ್ರದಾಯಿಕ ಫೈಲ್‌ಸಿಸ್ಟಂಗಳ ರೂಢಿ. ಮುಕ್ತ ತಂತ್ರಾಂಶವಾದ ಓಪನ್ ಝಡ್‌ಎಫ್‌ಎಸ್ ಹಾಗಲ್ಲ. ಹೊಸದನ್ನು ಡಿಸ್ಕ್‌ನ ಬೇರೆ ಜಾಗದಲ್ಲಿ ಬರೆದು, ಆಮೇಲೆ ವಿಳಾಸ ಬದಲಿಸುತ್ತದೆ. ಇದೇ ಕಾಪಿ-ಆನ್-ರೈಟ್. ನಡುವೆ ಕರೆಂಟ್ ಹೋದರೂ ಹಳೆಯದು ಭದ್ರ. ಜೊತೆಗೆ ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ ಕಾವಲು. ಎಂಜಿನಿಯರಿಂಗ್ ಓದಿದ ನನ್ನಂಥವರು ಕಣ್ಣುಮುಚ್ಚಿ ನಂಬೋದು ಇದನ್ನೇ.

2023ರ ನವೆಂಬರ್‌ನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಕಾಪಿ ಮಾಡಿದ ಕೆಲವು ಫೈಲ್‌ಗಳಲ್ಲಿ ಮಾಹಿತಿ ಇರಬೇಕಾದ ಕಡೆ ಬರೀ ಸೊನ್ನೆ! ಅನುಮಾನ ಹೋಗಿದ್ದು 2.2 ಆವೃತ್ತಿಯ ಹೊಸ ಸೌಲಭ್ಯವಾದ ಬ್ಲಾಕ್ ಕ್ಲೋನಿಂಗ್ ಮೇಲೆ. 2.2.1ರಲ್ಲಿ ಅದನ್ನು ಆಫ್ ಮಾಡಿದರು. ಆದರೂ ದೋಷ ಹೋಗಲಿಲ್ಲ, ಹಳೆಯ 2.1ರಲ್ಲೂ ಸಿಕ್ಕಿತು.

ಕಳ್ಳ ವರ್ಷಗಳಿಂದ ಮನೆಯೊಳಗೇ ಇದ್ದ. ಕಾಪಿ ಮಾಡುವ ಸಿಪಿ ಕಮಾಂಡ್ ಮೊದಲು 'ಈ ಫೈಲ್‌ನಲ್ಲಿ ಖಾಲಿ ಜಾಗ ಎಲ್ಲಿದೆ?' ಅಂತ ಕೇಳುತ್ತದೆ. ಆಗಷ್ಟೇ ಬರೆದ ಮಾಹಿತಿ ಇನ್ನೂ ಡಿಸ್ಕ್ ಸೇರದಿದ್ದಾಗ, ಅತಿ ಸಣ್ಣ ಅವಧಿಯೊಂದರಲ್ಲಿ, 'ಇಲ್ಲಿ ಖಾಲಿ' ಎಂಬ ತಪ್ಪು ಉತ್ತರ ಬರುತ್ತಿತ್ತು. ಸಿಪಿ ಅಷ್ಟನ್ನು ಬಿಟ್ಟು ಮುಂದೆ ಹೋಗುತ್ತಿತ್ತು. 2021ರ ಕೋರ್‌ಯುಟಿಲ್ಸ್ 9.0ರಿಂದ ಸಿಪಿ ಈ ಪ್ರಶ್ನೆಯನ್ನು ರೂಢಿಯಾಗಿ ಕೇಳತೊಡಗಿತು. ದೋಷ ಹೊರಬೀಳುವ ಸಾಧ್ಯತೆಯೂ ಹೆಚ್ಚಿತು.

ಚೆಕ್‌ಸಮ್ ಯಾಕೆ ಹಿಡಿಯಲಿಲ್ಲ? ಮೂಲ ಫೈಲ್ ಸರಿಯಾಗೇ ಇತ್ತು. ಪ್ರತಿಯಲ್ಲೂ ಬರೆದದ್ದು ಬರೆದ ಹಾಗೇ ಇತ್ತು. ಬರೆದದ್ದೇ ಅರ್ಧ ಅನ್ನೋದು ಚೆಕ್‌ಸಮ್‌ಗೆ ಗೊತ್ತಾಗಲ್ಲ.

ದೋಷವನ್ನು ಬೇಕೆಂದಾಗ ಮರುಕಳಿಸುವ ಸ್ಕ್ರಿಪ್ಟ್ ಬಳಕೆದಾರರ ಕೈಗೂ ಸಿಕ್ಕಿದ್ದರಿಂದ ಹುಡುಕಾಟ ಬೇಗ ಮುಗಿಯಿತು. 2.2.2 ಮತ್ತು 2.1.14ರಲ್ಲಿ ಪರಿಹಾರ ಬಂತು. ನಿಮ್ಮ ಬ್ಯಾಕಪ್‌ಗೂ ಇದೇ ಪಾಠ: ಇದೆ ಅಂದರೆ ಸಾಲದು, ಮೂಲದ ಜೊತೆ ಹೋಲಿಸಿ ನೋಡಿ.