ಆಟವೇ ಡ್ಯೂಟಿ ಆದಾಗ...

ನವೆಂಬರ್ 24, 2020. ಬೆಳಗಿನ ಜಾವ ನಾಲ್ಕೂವರೆ. ಹಾಸನದ ನಮ್ಮ ಮನೆಯ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಎದ್ದು ಬಂದ ಅಮ್ಮ ಖುಷಿಯಿಂದ, ‘ಏನೋ, ಇವತ್ತು ಇಷ್ಟು ಬೇಗ ಎದ್ಬಿಟ್ಟಿದ್ದೀಯ! ಕಾಫಿ ಮಾಡ್ಲಾ?’ ಅಂತ ಕೇಳಿದಳು. ರಾತ್ರಿಯಿಡೀ ಮಲಗೇ ಇಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ. ‘ಹೂಂ’ ಅಂದೆ.

ಆ ಹೊತ್ತಿಗೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಗೇಮಿನ ಎಂಟನೇ ಎಕ್ಸ್‌ಪಾನ್ಷನ್ ‘ಶಾಡೋಲ್ಯಾಂಡ್ಸ್’ ಜಗತ್ತಿನಾದ್ಯಂತ ಒಂದೇ ಗಳಿಗೆಯಲ್ಲಿ ಶುರುವಾಗಿತ್ತು. ಎಕ್ಸ್‌ಪಾನ್ಷನ್ ಅಂದರೆ ಹಳೇ ಗೇಮಿಗೆ ಸೇರಿಸುವ ಹೊಸ ಅಧ್ಯಾಯ. ಹೊಸ ಊರುಗಳು, ಹೊಸ ಕಥೆ, ಹೊಸ ಖಳರು. 2004ರಲ್ಲಿ ಬಂದ ಈ ಗೇಮಿಗೆ ಸುಮಾರು ಎರಡು ವರ್ಷಕ್ಕೊಮ್ಮೆ ಇಂಥದ್ದೊಂದು ಬರುತ್ತೆ.

ಲಾಕ್‌ಡೌನ್‌ನಿಂದಾಗಿ ಹಾಸ್ಟೆಲ್ ಗೆಳೆಯರಾದ ನಾವು ಐದು ಜನ ಐದು ಊರಲ್ಲಿದ್ದೆವು. ಈ ಗೇಮಿನಲ್ಲಿ ಒಂದು ಡಂಜನ್‌ಗೆ ಹೋಗೋಕೆ ಬೇಕಾಗಿದ್ದೂ ಐದೇ ಜನ: ಏಟು ತಿನ್ನೋಕೆ ಒಬ್ಬ, ಗಾಯ ವಾಸಿ ಮಾಡೋಕೆ ಒಬ್ಬ, ಹೊಡೆಯೋಕೆ ಮೂವರು. ಭಾರತದಲ್ಲಿ ಇದರ ಸರ್ವರ್ ಇಲ್ಲ, ಹಾಗಾಗಿ ಯುರೋಪಿನ ಸರ್ವರ್‌ನಲ್ಲಿ ಆಡ್ತಿದ್ದೆವು. ಅಲ್ಲಿನ ರಾತ್ರಿ ಎಂಟು ಅಂದರೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಆದರೂ ಬೇಜಾರಿರಲಿಲ್ಲ. ಆ ದಿನಗಳಲ್ಲಿ ನಮಗೆ ಬೇಕರಿ ಮುಂದಿನ ಕಟ್ಟೆ ಅಂತ ಇದ್ದದ್ದು ಅದೊಂದೇ.

<b>ಮೊದಲ ದಿನ ಜಾತ್ರೆ</b>

ಗೇಮ್ ತಯಾರಿಸಿದ ಬ್ಲಿಝಾರ್ಡ್ ಕಂಪನಿ ಹೇಳಿಕೊಂಡ ಪ್ರಕಾರ, ಮೊದಲ ದಿನದ ಹೊತ್ತಿಗೇ 37 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಪಿಸಿ ಗೇಮುಗಳಲ್ಲಿ ಅಲ್ಲಿಯವರೆಗಿನ ದಾಖಲೆ ಅದು. ಸತ್ತ ಮೇಲೆ ಆತ್ಮಗಳು ಹೋಗುವ ಲೋಕದಲ್ಲಿ ನಡೆಯುವ ಕಥೆ. ನೀಲಿ ಬೆಳಕಿನ ಕಾಡು ಆರ್ಡೆನ್‌ವೀಲ್ಡ್, ರಕ್ತಪಿಶಾಚಿಗಳ ಕೋಟೆಗಳಿರೋ ರೆವೆಂಡ್ರೆತ್ ನೋಡೋಕೇ ಚೆಂದ. ಡಿಸೆಂಬರ್‌ನಲ್ಲಿ ಬಂದ ‘ಕ್ಯಾಸಲ್ ನಾಥ್ರಿಯಾ’ ಎಂಬ ಹತ್ತು ಬಾಸ್‌ಗಳ ರೇಡನ್ನು ಆಮೇಲೆ ಬೈದವರೂ ಮೆಚ್ಚಿಕೊಂಡರು.

ಹಾಗಾದರೆ ತಪ್ಪಿದ್ದೆಲ್ಲಿ?

<b>ಮಲ್ಲೇಶ್ವರವೋ, ಜಯನಗರವೋ?</b>

ಶಾಡೋಲ್ಯಾಂಡ್ಸ್‌ನಲ್ಲಿ ನಾಲ್ಕು ಬಣಗಳಿದ್ದವು: ಕೈರಿಯನ್, ವೆಂಥಿರ್, ನೈಟ್ ಫೇ, ನೆಕ್ರೋಲಾರ್ಡ್. ಒಂದನ್ನು ಆರಿಸಿಕೊಳ್ಳಬೇಕು. ಪ್ರತಿ ಬಣಕ್ಕೂ ಅದರದ್ದೇ ಕಥೆ, ಬಟ್ಟೆಬರೆ, ಮನೆ. ಇಲ್ಲಿವರೆಗೂ ಚೆನ್ನಾಗಿದೆ. ಆದರೆ ಬಣದ ಜೊತೆಗೆ ಯುದ್ಧದ ಶಕ್ತಿಗಳನ್ನೂ ಕಟ್ಟಿಬಿಟ್ಟಿದ್ದರು.

ಬೆಂಗಳೂರಲ್ಲಿ ಮನೆ ಮಾಡುವಾಗ ಮಲ್ಲೇಶ್ವರವೋ ಜಯನಗರವೋ ಅಂತ ಮನಸ್ಸಿಗೆ ಬಂದಂತೆ ಆರಿಸಬಹುದು. ಆದರೆ ಯಾವ ಏರಿಯಾ ಅನ್ನೋದರ ಮೇಲೇ ನಿಮ್ಮ ಸಂಬಳ ನಿಂತರೆ? ಆಗ ಮರ, ಪಾರ್ಕು, ದೋಸೆ ಯಾವುದನ್ನೂ ನೋಡಲ್ಲ. ಸಂಬಳ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗ್ತೀರಿ. ಇಲ್ಲಿ ಆಗಿದ್ದೂ ಅದೇ. ಯಾವ ಪಾತ್ರಕ್ಕೆ ಯಾವ ಬಣ ಲಾಭ ಅಂತ ಲೆಕ್ಕ ಹಾಕಿದ ಪಟ್ಟಿಗಳು ಬಂದವು, ಜನ ಪಟ್ಟಿ ನೋಡಿ ಬಣ ಸೇರಿದರು. ನಮ್ಮ ಹೀಲರ್ ಗೆಳೆಯನಿಗೆ ವೆಂಥಿರ್ ಕೋಟೆ ತುಂಬಾ ಇಷ್ಟ. ಪಟ್ಟಿ ಬೇರೆ ಹೇಳ್ತು. ‘ನಿಮಗೋಸ್ಕರ ಬದಲಾಯಿಸ್ತೀನಿ ಬಿಡ್ರೋ’ ಅಂದ. ಅವನ ದನಿಯಲ್ಲಿ ಉತ್ಸಾಹ ಇರಲಿಲ್ಲ.

ಹೊಸ ಬಣಕ್ಕೆ ಹೋಗೋದು ಸುಲಭ. ಬಿಟ್ಟು ಬಂದ ಬಣಕ್ಕೆ ವಾಪಸ್ ಸೇರೋಕೆ ವಾರಗಟ್ಟಲೆ ಕ್ವೆಸ್ಟ್ ಮಾಡಿ ಕ್ಷಮೆ ಗಳಿಸಬೇಕಿತ್ತು. ಶಕ್ತಿಗಳನ್ನು ಹೊಂದಿಸುವ ‘ಕಾಂಡ್ಯುಯಿಟ್’ ಅಂತ ಚಿಕ್ಕ ತುಣುಕುಗಳಿದ್ದವು. ಅವನ್ನು ಬದಲಿಸೋಕೂ ದಿನಕ್ಕಿಷ್ಟು ಅಂತ ರೇಷನ್.

ಇದು ಯಾರಿಗೂ ಗೊತ್ತಿಲ್ಲದೆ ಆದ ಎಡವಟ್ಟಲ್ಲ. ಬೀಟಾ ಹಂತದಲ್ಲೇ ಆಟಗಾರರು, ‘ಬಣವನ್ನು ಕಥೆಗೆ ಇಟ್ಟುಕೊಳ್ಳಿ, ಶಕ್ತಿಯನ್ನು ಬಿಡಿಸಿ’ ಅಂತ ಕೇಳುತ್ತಲೇ ಇದ್ದರು. ಆಯ್ಕೆಗೆ ತೂಕ ಇರಬೇಕು ಅನ್ನೋದು ತಯಾರಕರ ವಾದ. ತಪ್ಪು ವಾದ ಅಂತ ನಾನು ಹೇಳಲ್ಲ. ಆದರೆ ತೂಕ ಬೇರೆ, ದಂಡ ಬೇರೆ.

<b>ದಿನಾ ಹಾಜರಿ</b>

ಎರಡನೇ ಬೇಸರ, ಮನೆಗೆಲಸದಂಥ ಕೆಲಸಗಳು. ‘ಮಾ’ ಅಂತ ಒಂದು ನರಕದಂಥ ಜಾಗ. ಶುರುವಿನಲ್ಲಿ ಅಲ್ಲಿ ಕುದುರೆ ಹತ್ತುವ ಹಾಗಿಲ್ಲ, ನಡೆದೇ ಹೋಗಬೇಕು. ಸ್ವಲ್ಪ ಹೊತ್ತು ಓಡಾಡಿದರೆ ಖಳನಾಯಕ ‘ಜೈಲರ್’ನ ಕಣ್ಣು ಬೀಳುತ್ತೆ. ಹೊತ್ತು ಹೆಚ್ಚಿದಂತೆ ಕಾಟವೂ ಹೆಚ್ಚಿ, ಕೊನೆಗೆ ಹೊರಗೆ ಬರಲೇಬೇಕು. ನಾಳೆ ಮತ್ತೆ ಅದೇ.

‘ಟೋರ್ಗಾಸ್ಟ್’ ಎಂಬ ಗೋಪುರದ ಕಥೆ ಇನ್ನೂ ಪಾಪದ್ದು. ಪ್ರತಿ ಸಲ ಹೋದಾಗ ಬೇರೆ ಮಹಡಿ, ಬೇರೆ ಶಕ್ತಿಗಳು ಸಿಗುವ ಈ ಗೋಪುರಕ್ಕೆ ಬಿಡುಗಡೆಗೆ ಮುಂಚೆ ಎಲ್ಲರೂ ಕಾಯ್ತಿದ್ದರು. ಆದರೆ ಒಳ್ಳೆಯ ಕವಚಗಳಿಗೆ ಬೇಕಾದ ‘ಸೋಲ್ ಆಶ್’ ಸಿಗೋದು ಮುಖ್ಯವಾಗಿ ಅಲ್ಲೇ, ಅದೂ ವಾರಕ್ಕಿಷ್ಟೇ. ಮನಸ್ಸಾದಾಗ ಹೋಗುವ ಜಾಗ, ವಾರವಾರ ಹೋಗಲೇಬೇಕಾದ ಜಾಗ ಆಯ್ತು. ಹಬ್ಬದ ಹೋಳಿಗೆಯನ್ನು ವಾರಕ್ಕೆರಡು ಸಲ ಕಡ್ಡಾಯವಾಗಿ ತಿನ್ನು ಅಂದಂತೆ.

ಇಷ್ಟೆಲ್ಲ ಗಳಿಸಿದ ಶಕ್ತಿ ಮುಂದಿನ ಎಕ್ಸ್‌ಪಾನ್ಷನ್‌ಗೆ ಬರಲ್ಲ ಅನ್ನೋದು ಹಳೇ ಆಟಗಾರರಿಗೆ ಗೊತ್ತಿತ್ತು. 2016ರ ‘ಲೀಜನ್’ನ ವಿಶೇಷ ಆಯುಧಗಳು ಹೋದವು, 2018ರ ‘ಬ್ಯಾಟಲ್ ಫಾರ್ ಅಜೆರೋತ್’ನ ಮಾಂತ್ರಿಕ ಹಾರ ಹೋಯ್ತು. ಆಟಗಾರರು ಇದನ್ನು ‘ಸಾಲದ ಶಕ್ತಿ’ ಅಂತಲೇ ಕರೀತಾರೆ. ಬಾಡಿಗೆ ಮನೆಗೆ ಎಷ್ಟು ಸಲ ಬಣ್ಣ ಹೊಡೀತೀರಿ?

<b>ಸೀರಿಯಲ್ ವಿಲನ್</b>

ಮೂರನೆಯದು ಕಥೆ. ವಾರ್‌ಕ್ರಾಫ್ಟ್ ಲೋಕದ ದೊಡ್ಡ ದುರಂತ ನಾಯಕ ಆರ್ಥಸ್. ತನ್ನ ಪ್ರಜೆಗಳನ್ನು ಉಳಿಸೋಕೆ ಹೊರಟು, ಶಾಪದ ಕತ್ತಿ ಹಿಡಿದು, ತಂದೆಯನ್ನೇ ಕೊಂದ ರಾಜಕುಮಾರ. 2002ರ ‘ವಾರ್‌ಕ್ರಾಫ್ಟ್ 3’ ಆಡಿದವರಿಗೆ ಅವನು ಮರೆಯಲ್ಲ. ಶಾಡೋಲ್ಯಾಂಡ್ಸ್ ಬಂದು, ಆ ಎಲ್ಲದರ ಹಿಂದೆ ಮೊದಲಿನಿಂದಲೂ ಇದ್ದವನು ಜೈಲರ್ ಅಂದಿತು.

ನಮ್ಮ ಟಿವಿ ಸೀರಿಯಲ್ ನೋಡುವವರಿಗೆ ಇದು ಹೊಸದಲ್ಲ. ಎಂಟುನೂರನೇ ಸಂಚಿಕೆಯಲ್ಲಿ ಯಾರೋ ಬಂದು, ‘ಮೊದಲಿನಿಂದ ಎಲ್ಲಾ ಮಾಡಿಸಿದ್ದು ನಾನೇ’ ಅಂತ ನಗ್ತಾನೆ. ಅಲ್ಲಿಗೆ ಹಳೇ ಪಾತ್ರಗಳ ತಪ್ಪು, ನೋವು, ಪಶ್ಚಾತ್ತಾಪ ಎಲ್ಲ ನೀರುಪಾಲು. ಆರ್ಥಸ್‌ನ ಆತ್ಮದ ಕೊನೆಯ ಚೂರು 2022ರ ಪ್ಯಾಚ್‌ನಲ್ಲಿ ಸಣ್ಣ ಬೆಳಕಾಗಿ ಬಂದು ಕರಗಿಹೋಯ್ತು. ಇಪ್ಪತ್ತು ವರ್ಷ ಕಾದವರಿಗೆ ಸಿಕ್ಕ ಬೀಳ್ಕೊಡುಗೆ ಅಷ್ಟೇ.

<b>ಬೇಸಿಗೆಯ ಗುಳೆ</b>

ಮೊದಲ ದೊಡ್ಡ ಪ್ಯಾಚ್ 9.1 ಬಂದದ್ದು ಜೂನ್ 2021ರ ಕೊನೆಗೆ. ಏಳು ತಿಂಗಳು ಅದೇ ರೇಡು, ಅದೇ ಗೋಪುರ. ಕೋವಿಡ್‌ನಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡ್ತಿದ್ದ ಕಾಲ, ತಡ ಅರ್ಥವಾಗುವಂಥದ್ದೇ. ಆದರೆ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು: ಉದ್ಯೋಗಿಗಳ ಮೇಲಿನ ತಾರತಮ್ಯ, ಕಿರುಕುಳದ ಆರೋಪ ಹೊರಿಸಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ ಕಂಪನಿಯ ಮೇಲೆ ಕೇಸ್ ಹಾಕಿತು. ಮೊದಲೇ ಮುನಿದಿದ್ದ ಎಷ್ಟೋ ಜನ ಆಗ ಎದ್ದು ಹೊರಟರು.

ತುಂಬಾ ಜನ ಹೋದದ್ದು ಜಪಾನಿನ ‘ಫೈನಲ್ ಫ್ಯಾಂಟಸಿ 14’ಕ್ಕೆ. ಅದರ ಮುಖ್ಯಸ್ಥ ನಾವೋಕಿ ಯೋಶಿದಾ, ಬೇಸರವಾದರೆ ಗೇಮ್ ಬಿಟ್ಟು ಬೇರೇನಾದರೂ ಆಡಿ, ಹೊಸ ಪ್ಯಾಚ್ ಬಂದಾಗ ಬನ್ನಿ ಅಂತ ಬಹಿರಂಗವಾಗಿ ಹೇಳುವ ಮನುಷ್ಯ. 2021ರ ಡಿಸೆಂಬರ್‌ನಲ್ಲಿ ಆ ಗೇಮಿನ ಸರ್ವರ್‌ಗಳು ಎಷ್ಟು ತುಂಬಿದವೆಂದರೆ, ಕೆಲ ಕಾಲ ಮಾರಾಟವನ್ನೇ ನಿಲ್ಲಿಸಬೇಕಾಯ್ತು. ‘ಹೋಗಿ ಬನ್ನಿ’ ಅಂದವರ ಮನೆಗೇ ಜನ ಮುತ್ತಿಕೊಂಡರು.

ಬ್ಲಿಝಾರ್ಡ್ ಕೂಡ ಕೊನೆಗೆ ಕೇಳಿಸಿಕೊಂಡಿತು. ನವೆಂಬರ್ 2021ರ 9.1.5 ಪ್ಯಾಚ್‌ನಲ್ಲಿ ಬಣ ಬದಲಿಸೋದು ಸಲೀಸಾಯ್ತು, ಕಾಂಡ್ಯುಯಿಟ್ ರೇಷನ್ ರದ್ದಾಯ್ತು. ಬೀಟಾದಲ್ಲಿ ಕೇಳಿದ್ದು, ಬಿಡುಗಡೆಯಾಗಿ ಒಂದು ವರ್ಷಕ್ಕೆ ಸಿಕ್ಕಿತು. 2022ರ ನವೆಂಬರ್‌ನಲ್ಲಿ ಬಂದ ‘ಡ್ರಾಗನ್‌ಫ್ಲೈಟ್’ ಸಾಲದ ಶಕ್ತಿಯನ್ನೇ ಕೈಬಿಟ್ಟು, ಹಳೇ ಟ್ಯಾಲೆಂಟ್ ಟ್ರೀಗಳನ್ನು ಹೊಸ ರೂಪದಲ್ಲಿ ತಂದಿತು.

<b>ನಮ್ಮ ಐದು ಜನ</b>

ಆದರೆ ಹೋದ ವರ್ಷ ವಾಪಸ್ ಬರಲ್ಲ. ಮೊದಲು ನಿಲ್ಲಿಸಿದ್ದು ನಮ್ಮ ಹೀಲರ್. ‘ಮಗಾ, ಇವತ್ತು ಬರಲ್ಲ. ಆಫೀಸ್ ಕೆಲಸ ಮುಗಿಸಿ ಮತ್ತೆ ಕೆಲಸಕ್ಕೆ ಕೂತಂಗೆ ಆಗುತ್ತೆ’ ಅಂದ. ಹೀಲರ್ ಇಲ್ಲದೆ ಡಂಜನ್ ಇಲ್ಲ. ಆಮೇಲೆ ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ಹೊಸ ಕೆಲಸ. ಎಲ್ಲ ತಪ್ಪೂ ಗೇಮಿನದ್ದು ಅನ್ನಲಾರೆ. ಆದರೆ ಆಟ ಹಗುರವಾಗಿದ್ದಿದ್ದರೆ ತಿಂಗಳಿಗೊಮ್ಮೆಯಾದರೂ ಸೇರ್ತಿದ್ದೆವು. ‘ಎರಡು ವಾರ ಬಿಟ್ಟರೆ ಹಿಂದೆ ಬೀಳ್ತೀವಿ’ ಅನ್ನೋ ಆಟಕ್ಕೆ ತಿಂಗಳಿಗೊಮ್ಮೆ ಬರೋಕೆ ಯಾರಿಗೂ ಮನಸ್ಸಾಗಲ್ಲ.

ನಾನೂ ಸಾಫ್ಟ್‌ವೇರ್ ಮಾಡುವವನೇ. ದಿನಕ್ಕೆ ಎಷ್ಟು ಜನ ಲಾಗಿನ್ ಆದರು ಅಂತ ತೋರಿಸುವ ಡ್ಯಾಶ್‌ಬೋರ್ಡ್ ನಮ್ಮಲ್ಲೂ ಇದೆ. ಖುಷಿಯಿಂದ ಬಂದವನೂ, ಬರದಿದ್ದರೆ ಲಾಸ್ ಆಗುತ್ತೆ ಅಂತ ಬಂದವನೂ ಅದರಲ್ಲಿ ಒಂದೇ ಸಂಖ್ಯೆ. ವ್ಯತ್ಯಾಸ ಗೊತ್ತಾಗೋದು ಅವನು ಬಿಟ್ಟು ಹೋದ ದಿನ.

ಅದಕ್ಕೇ ಈಗ ಯಾವ ಗೇಮ್, ಯಾವ ಆ್ಯಪ್ ತೆರೆಯುವಾಗಲೂ ಒಂದು ಪ್ರಶ್ನೆ ಕೇಳ್ಕೋತೀನಿ: ಇವತ್ತು ಬಿಟ್ಟರೆ ನನಗೆ ಬೇಜಾರಾಗುತ್ತಾ, ಭಯ ಆಗುತ್ತಾ? ಬೇಜಾರು ಅಂತಾದರೆ ತೆರೀತೀನಿ. ಭಯ ಅಂತಾದರೆ ಮುಚ್ಚಿ, ಆ ಹೀಲರ್‌ಗೆ ಫೋನ್ ಮಾಡ್ತೀನಿ. ಅವನ ಜೊತೆ ಹರಟೋಕೆ ಸೋಲ್ ಆಶ್ ಬೇಕಾಗಿಲ್ಲ.