ಸಂಸತ್ತಿನ ಉಭಯ ಸದನಗಳು: ಪೀಠ ಮತ್ತು ಪಕ್ಷ

1977ರ ಜುಲೈನಿಂದ 1979ರ ಆಗಸ್ಟ್‌ವರೆಗೆ ಭಾರತದ ಸಂಸತ್ತಿನ ಎರಡೂ ಪೀಠಗಳನ್ನು ಕನ್ನಡ ನಾಡಿನವರೇ ಅಲಂಕರಿಸಿದ್ದರೆಂಬುದು ಇಂದು ಅನೇಕರ ನೆನಪಿನಲ್ಲಿ ಉಳಿದಿಲ್ಲ. ಉಪರಾಷ್ಟ್ರಪತಿಗಳಾಗಿದ್ದ ಬಿ. ಡಿ. ಜತ್ತಿಯವರು ಆ ಪದವಿಯ ಬಲದಿಂದಲೇ ರಾಜ್ಯಸಭೆಯ ಸಭಾಪತಿಗಳು. ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಆರಿಸಿಹೋದ ಕೆ. ಎಸ್. ಹೆಗ್ಡೆಯವರು ಲೋಕಸಭೆಯ ಅಧ್ಯಕ್ಷರು. ನಮ್ಮ ವಿಜಯನಗರವು ಇಂದು ಸೇರಿರುವುದು ಇದೇ ಹೆಸರಿನ ಕ್ಷೇತ್ರಕ್ಕೆ.

ಈ ಎರಡು ಪೀಠಗಳು ಮೇಲುನೋಟಕ್ಕೆ ಒಂದೇ ಬಗೆಯವು. ಆದರೆ ಅವುಗಳ ಹುಟ್ಟು ಬೇರೆ. ಸಭಾಪತಿಗಳು ತಾವು ನಡೆಸುವ ಸದನದ ಸದಸ್ಯರೇ ಅಲ್ಲ. ಲೋಕಸಭಾಧ್ಯಕ್ಷರಾದರೋ ಪಕ್ಷದ ಅಭ್ಯರ್ಥಿಯಾಗಿ ಜನರ ಮುಂದೆ ನಿಂತು ಗೆದ್ದವರು. ಗೆದ್ದ ಬಳಿಕ ಪಕ್ಷವನ್ನು ಮರೆತು ಕೂರಬೇಕಾದವರು. ಇಬ್ಬರಿಗೂ ಮತವಿರುವುದು ಮತಗಳು ಸಮವಾದಾಗ ಮಾತ್ರ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು, ಜ್ಯೇಷ್ಠತೆಯನ್ನು ಕಡೆಗಣಿಸಿದ್ದಕ್ಕಾಗಿ 1973ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದ ಹೆಗ್ಡೆಯವರಿಗೆ ನಿಷ್ಪಕ್ಷಪಾತದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೀಠದ ಕೆಳಗೆ ಕುಳಿತವರೆಲ್ಲರೂ ಪಕ್ಷದ ಮನುಷ್ಯರೇ. ಸರ್ಕಾರದ ಕಡೆಯಿಂದ ಸದನದ ನಾಯಕ. ಪ್ರಧಾನಿಯು ಯಾವ ಸದನದ ಸದಸ್ಯರೋ ಆ ಸದನದ ನಾಯಕತ್ವ ಸಾಮಾನ್ಯವಾಗಿ ಅವರದೇ. 1996ರಲ್ಲಿ ಎಚ್. ಡಿ. ದೇವೇಗೌಡರು ಪ್ರಧಾನಿಯಾದಾಗ ಎರಡೂ ಸದನಗಳ ಸದಸ್ಯರಾಗಿರಲಿಲ್ಲ. ಬಳಿಕ ರಾಜ್ಯಸಭೆಗೆ ಆಯ್ಕೆಯಾದರು. ಲೋಕಸಭೆಯಲ್ಲಿ ನಾಯಕತ್ವ ರಾಮ್ ವಿಲಾಸ್ ಪಾಸ್ವಾನರದಾಯಿತು. ಇನ್ನು ಸಚೇತಕರು, ಮತದಾನದ ಹೊತ್ತಿಗೆ ತಮ್ಮವರನ್ನು ಸದನದಲ್ಲಿ ಹಾಜರಿರಿಸುವ ಕೆಲಸ ಅವರದು. 1985ರ ಪಕ್ಷಾಂತರ ನಿಷೇಧ ಶಾಸನದ ನಂತರ ಪಕ್ಷದ ಆಜ್ಞೆ ಮೀರಿ ಮತ ಹಾಕಿದವರ ಸ್ಥಾನವೇ ಹೋಗಬಹುದು.

ಎರಡು ಸದನಗಳಲ್ಲಿ ಎರಡು ಬಹುಮತಗಳಿದ್ದಾಗ ಏನಾಗುವುದೆಂಬುದನ್ನು ಜತ್ತಿ–ಹೆಗ್ಡೆಯವರ ಕಾಲವೇ ತೋರಿಸಿಕೊಟ್ಟಿತು. 1977ರ ಚುನಾವಣೆಯಲ್ಲಿ ಲೋಕಸಭೆ ಜನತಾ ಪಕ್ಷದ ಕೈಸೇರಿತು. ರಾಜ್ಯಸಭೆಯಲ್ಲಿ ಮಾತ್ರ ಕಾಂಗ್ರೆಸ್ಸಿನ ಬಹುಮತ ಹಾಗೆಯೇ ಉಳಿದಿತ್ತು. ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಪಡಿಸುವ ಮಸೂದೆಯನ್ನು ಲೋಕಸಭೆ ಒಪ್ಪಿತು, ರಾಜ್ಯಸಭೆ ತಿರಸ್ಕರಿಸಿತು. 1978ರ ಮೇ 16ರಂದು ಜಂಟಿ ಅಧಿವೇಶನ ಸೇರಿಸಬೇಕಾಯಿತು. ಸಂವಿಧಾನದ 118ನೆಯ ವಿಧಿಯಂತೆ ಅಂಥ ಸಭೆಯ ಪೀಠ ಲೋಕಸಭಾಧ್ಯಕ್ಷರದು. ಸಭಾಪತಿಗಳಿಗೆ ಅಲ್ಲಿ ಸ್ಥಾನವಿಲ್ಲ. ಸಂಖ್ಯೆಯಲ್ಲಿ ಹಿರಿದಾದ ಲೋಕಸಭೆಯ ಅಭಿಪ್ರಾಯವೇ ಗೆದ್ದಿತು. ಮಸೂದೆಯ ನಿರ್ಣಯಕ್ಕಾಗಿ ಇಂಥ ಅಧಿವೇಶನ ನಡೆದದ್ದು ಮೂರೇ ಬಾರಿ: 1961, 1978 ಮತ್ತು 2002.

ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಶಾಸನದ ಮನ್ನಣೆ, ವೇತನ ದೊರೆತದ್ದೂ 1977ರಲ್ಲಿಯೇ. ಸರ್ಕಾರವನ್ನು ವಿರೋಧಿಸುವ ಪಕ್ಷಗಳಲ್ಲಿ ಅತಿ ಹೆಚ್ಚು ಸದಸ್ಯರುಳ್ಳ ಪಕ್ಷದ ನಾಯಕನಾಗಿರಬೇಕು, ಪೀಠವು ಅವನನ್ನು ಮಾನ್ಯ ಮಾಡಿರಬೇಕು ಎಂದಷ್ಟೇ ಆ ಶಾಸನ ಹೇಳುತ್ತದೆ. ಸದನದ ಹತ್ತನೆಯ ಒಂದು ಪಾಲು ಬೇಕೆಂಬ ನಿಯಮ ಅದರಲ್ಲಿಲ್ಲ. ಅದು ಸಂಪ್ರದಾಯದಿಂದ ಬಂದದ್ದು. ಆ ಸಂಪ್ರದಾಯದ ಬಿಸಿ ತಟ್ಟಿದ್ದೂ ಕರ್ನಾಟಕದ ಒಬ್ಬರಿಗೇ. 2014ರಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 44 ಸ್ಥಾನ, ಬೇಕಾದದ್ದು 55. ಕಲಬುರಗಿಯಿಂದ ಗೆದ್ದ ಮಲ್ಲಿಕಾರ್ಜುನ ಖರ್ಗೆಯವರು ಐದು ವರ್ಷ ತಮ್ಮ ಪಕ್ಷದ ನಾಯಕರಾಗಿದ್ದರೇ ಹೊರತು ವಿರೋಧ ಪಕ್ಷದ ನಾಯಕರೆನಿಸಲಿಲ್ಲ.

ಇದು ಕೇವಲ ಗೌರವದ ಪ್ರಶ್ನೆಯೆಂದು ತಿಳಿಯುವುದು ತಪ್ಪು. ಲೋಕಪಾಲರನ್ನು ಆರಿಸುವ ಸಮಿತಿಯಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕನಿಗೆ ಸ್ಥಾನವುಂಟು. 2018ರಲ್ಲಿ ಖರ್ಗೆಯವರನ್ನು ಅಲ್ಲಿಗೆ 'ವಿಶೇಷ ಆಹ್ವಾನಿತ'ರಾಗಿ ಕರೆಯಲಾಯಿತು. ಮತ ಹಾಕುವ ಅಧಿಕಾರವಿಲ್ಲದ ಕುರ್ಚಿಗೆ ಅವರು ಹೋಗಲಿಲ್ಲ. 2019ರಲ್ಲಿ ಸೋತು, 2020ರಲ್ಲಿ ರಾಜ್ಯಸಭೆಗೆ ಬಂದ ಅವರು 2021ರ ಫೆಬ್ರವರಿಯಲ್ಲಿ ಆ ಸದನದ ವಿರೋಧ ಪಕ್ಷದ ನಾಯಕರೆಂದು ಮಾನ್ಯರಾದರು. ಲೋಕಸಭೆಯಲ್ಲಿ ಆ ಸ್ಥಾನ 2024ರವರೆಗೂ ತೆರವಾಗಿಯೇ ಇತ್ತು.