ಪುಟ್ಟ ಮೆಕ್ಯಾನಿಕಲ್ ಕೀಬೋರ್ಡ್: ನಂಬಿಕೆ ಯಾವುದು, ನಿಜ ಯಾವುದು?

ಕಂಪ್ಯೂಟರ್ ಮುಂದೆ ಕೂತು ದುಡಿಯುವವರ ಕೈ ದಿನವಿಡೀ ಮುಟ್ಟುವ ವಸ್ತು ಕೀಬೋರ್ಡ್. ಆದರೆ ಕೊಳ್ಳುವಾಗ ಅದರ ಬಗ್ಗೆ ಯೋಚಿಸುವವರು ಕಡಿಮೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ನಾಲ್ಕು ಕಡೆ ವಿಚಾರಿಸುವವರೂ ಕೀಬೋರ್ಡ್ ವಿಷಯಕ್ಕೆ ಬಂದಾಗ ‘ಯಾವುದೋ ಒಂದು ಕೊಡಿ’ ಎಂದುಬಿಡುತ್ತಾರೆ. ಈಚೆಗೆ ಗಿಡ್ಡ ಗಾತ್ರದ ಮೆಕ್ಯಾನಿಕಲ್ ಕೀಬೋರ್ಡುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಧಾರಾಳವಾಗಿ ಸಿಗುತ್ತಿವೆ. ಅವುಗಳ ಜೊತೆಗೆ ಒಂದಿಷ್ಟು ಅರ್ಧಸತ್ಯಗಳೂ ಹಬ್ಬಿವೆ. ಹೆಸರು, ಬಣ್ಣ, ಅಂಕಿ ನೋಡಿ ದುಡ್ಡು ಸುರಿದು, ತಿಂಗಳೊಳಗೆ ಹಳೆಯ ಕೀಬೋರ್ಡಿಗೇ ಮರಳುವವರು ಇದ್ದಾರೆ. ಅಂಥ ನಷ್ಟ ತಪ್ಪಬೇಕಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಬೆರಳುಗಳಿಗೆ ದಿನವೂ ಬೇಕಾಗುವ ಕೀಗಳು ಯಾವುವು?

ಮೆಕ್ಯಾನಿಕಲ್ ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೆ ರಬ್ಬರ್ ಗುಬ್ಬಿಗಳಿರುವ ಒಂದೇ ಹಾಳೆ ಇರುತ್ತದೆ. ಮೆಕ್ಯಾನಿಕಲ್‌ನಲ್ಲಿ ಒಂದೊಂದು ಕೀಗೂ ಅದರದೇ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್ ಇರುತ್ತದೆ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ತಪ್ಪು ಕಲ್ಪನೆ 1: ಕೀಬೋರ್ಡ್ ಚಿಕ್ಕದಾದರೆ ಕೀಗಳೂ ಚಿಕ್ಕವಾಗುತ್ತವೆ, ಬೆರಳು ತಪ್ಪುತ್ತದೆ

ಸತ್ಯ: ಒಂದು ಅಕ್ಷರದ ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಇರುವ ಅಂತರ ದೊಡ್ಡ ಕೀಬೋರ್ಡಿನಲ್ಲೂ ಪುಟ್ಟದರಲ್ಲೂ ಸಾಮಾನ್ಯವಾಗಿ ಒಂದೇ, 19.05 ಮಿಲಿಮೀಟರ್. ಕಡಿಮೆಯಾಗುವುದು ಕೀಗಳ ಸಂಖ್ಯೆ, ಅವುಗಳ ಗಾತ್ರವಲ್ಲ. ಪೂರ್ಣ ಗಾತ್ರದ ಕೀಬೋರ್ಡಿನಲ್ಲಿ 104 ಕೀಗಳು. ಬಲಗಡೆಯ ನಂಬರ್ ಪ್ಯಾಡ್ ತೆಗೆದರೆ 87 ಉಳಿಯುತ್ತವೆ. ಉಳಿದದ್ದನ್ನು ಒತ್ತೊತ್ತಾಗಿ ಜೋಡಿಸಿದರೆ ಸುಮಾರು 84 ಕೀಗಳ ‘75 ಪರ್ಸೆಂಟ್’ ಆಗುತ್ತದೆ. ಎಫ್1ರಿಂದ ಎಫ್12ರವರೆಗಿನ ಮೇಲಿನ ಸಾಲನ್ನು ಕೈಬಿಟ್ಟು ಬಾಣದ ಕೀಗಳನ್ನು ಉಳಿಸಿಕೊಂಡರೆ 67–68 ಕೀಗಳ ‘65 ಪರ್ಸೆಂಟ್’. ಬಾಣಗಳೂ ಹೋದರೆ 61 ಕೀಗಳ ‘60 ಪರ್ಸೆಂಟ್’. ಈ ಪರ್ಸೆಂಟ್ ಲೆಕ್ಕ ಅಂದಾಜಿನದು, ಆದ್ದರಿಂದ ಕೊಳ್ಳುವಾಗ ಚಿತ್ರ ನೋಡಿ ಕೀಗಳನ್ನು ಎಣಿಸುವುದೇ ಸರಿ.

ಅಂಚನ್ನು ಬಿಟ್ಟು ಅಳೆದರೆ ಪೂರ್ಣ ಗಾತ್ರದ್ದು ಸುಮಾರು 43 ಸೆಂಟಿಮೀಟರ್ ಅಗಲ, 60 ಪರ್ಸೆಂಟಿನದು 28.5. ಉಳಿಯುವ 14 ಸೆಂಟಿಮೀಟರ್ ಬರೀ ಮೇಜಿನ ಜಾಗದ ಲೆಕ್ಕವಲ್ಲ. ಮೌಸ್ ಅಷ್ಟು ಹತ್ತಿರಕ್ಕೆ ಬರುತ್ತದೆ, ಬಲಗೈಯನ್ನು ಪ್ರತಿ ಸಲವೂ ಹೊರಕ್ಕೆ ಚಾಚಬೇಕಾಗಿಲ್ಲ. ಪುಟ್ಟ ಕೀಬೋರ್ಡಿನ ದೊಡ್ಡ ಲಾಭ ಇದೇ.

ತಪ್ಪು ಕಲ್ಪನೆ 2: ಕಾಣದ ಕೀ ಇಲ್ಲವೇ ಇಲ್ಲ

ಸತ್ಯ: ಇದೆ, ಇನ್ನೊಂದು ಪದರದಲ್ಲಿದೆ. ಶಿಫ್ಟ್ ಒತ್ತಿದಾಗ 1 ಇದ್ದಲ್ಲಿ ಆಶ್ಚರ್ಯಸೂಚಕ ಬರುವ ಹಾಗೆ, ಎಫ್‌ಎನ್ ಕೀ ಒತ್ತಿ ಹಿಡಿದಾಗ ಅದೇ ಕೀಗಳು ಬೇರೆ ಕೆಲಸ ಮಾಡುತ್ತವೆ. ಇದು ಇಂದಿನ ಷೋಕಿಯೂ ಅಲ್ಲ. ಜಪಾನಿನ ಗಣಕ ವಿಜ್ಞಾನಿ ಎಯಿಚಿ ವಾಡಾ ಅವರ ಕಲ್ಪನೆಯಂತೆ ಪಿಎಫ್‌ಯು ಕಂಪನಿ 1996ರಲ್ಲೇ ‘ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್’ ಹೊರತಂದಿತು. ಅದರಲ್ಲಿದ್ದದ್ದು 60 ಕೀಗಳು. ಕಂಟ್ರೋಲ್ ಕೀ ಕ್ಯಾಪ್ಸ್ ಲಾಕ್ ಇರುವ ಜಾಗದಲ್ಲಿತ್ತು, ಬಾಣಗಳು ಎಫ್‌ಎನ್ ಪದರಕ್ಕೆ ಹೋಗಿದ್ದವು. ಪ್ರೋಗ್ರಾಂ ಬರೆಯುವವರು ಅದನ್ನು ಇಂದಿಗೂ ಬಳಸುತ್ತಾರೆ.

ಹಾಗೆಂದು ಎಲ್ಲರಿಗೂ 60 ಪರ್ಸೆಂಟ್ ಸಾಕು ಎನ್ನುವುದೂ ತಪ್ಪೇ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರನ್ನು ನೋಡಿ. ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9, ನಡುವೆ ನಂಬರ್ ಪ್ಯಾಡಿನ ಮೇಲೆ ಸತತವಾಗಿ ಓಡುವ ಬಲಗೈ. ಇವರಿಗೆ ಎಫ್ ಸಾಲಿಲ್ಲದ ಕೀಬೋರ್ಡ್ ಕೊಟ್ಟರೆ ಪ್ರತಿ ವೋಚರಿಗೂ ಒಂದು ಕೀ ಹೆಚ್ಚು ಒತ್ತಿಸಿದಂತೆ. ಅವರಿಗೆ 75 ಪರ್ಸೆಂಟ್ ಕೀಬೋರ್ಡ್ ಮತ್ತು ಬೇರೆಯಾಗಿ ಸಿಗುವ ಯುಎಸ್‌ಬಿ ನಂಬರ್ ಪ್ಯಾಡ್ ಹೊಂದುತ್ತದೆ. ಬೇಕಾದಾಗ ಪ್ಯಾಡನ್ನು ಎಡಕ್ಕಿಟ್ಟುಕೊಂಡರೆ ಬಲಗೈ ಮೌಸಿಗೆ ಬಿಡುವಾಗಿರುತ್ತದೆ. ಬರೆದದ್ದನ್ನು ತಿದ್ದುತ್ತ ಕೂರುವವರಿಗೆ ಬಾಣದ ಕೀಗಳು ಬೇಕೇ ಬೇಕು, ಅವರು 65ಕ್ಕಿಂತ ಕೆಳಗೆ ಇಳಿಯದಿರುವುದು ಲೇಸು.

ತಪ್ಪು ಕಲ್ಪನೆ 3: ಕನ್ನಡ ಬರೆಯಲು ಪುಟ್ಟ ಕೀಬೋರ್ಡ್ ಆಗದು, ಕನ್ನಡ ಅಕ್ಷರ ಅಚ್ಚಾಗಿರುವ ಕೀಬೋರ್ಡೇ ಬೇಕು

ಸತ್ಯ: ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. ಇಂಗ್ಲಿಷಿನ ಎಚ್ ಎಂದು ಬರೆದಿರುವ ಕೀ ಒತ್ತಿದಾಗ ಯುಎಸ್‌ಬಿ ಕೀಬೋರ್ಡ್ ಕಂಪ್ಯೂಟರಿಗೆ ಕಳಿಸುವುದು 11 ಎಂಬ ಸಂಖ್ಯೆಯನ್ನು. ಅದು ಎಚ್ ಆಗಬೇಕೋ, ನುಡಿ ವಿನ್ಯಾಸದ ‘ಹ’ ಆಗಬೇಕೋ, ಇನ್‌ಸ್ಕ್ರಿಪ್ಟ್ ವಿನ್ಯಾಸದ ‘ಪ’ ಆಗಬೇಕೋ ಎಂದು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ನೀವು ಆರಿಸಿರುವ ವಿನ್ಯಾಸ. ಕೀಕ್ಯಾಪಿನ ಮೇಲಿನ ಅಕ್ಷರ ಕಣ್ಣಿನ ಅನುಕೂಲಕ್ಕೆ ಮಾತ್ರ.

ಆದರೆ ಯಾವ ಗಾತ್ರ ಹೊಂದುತ್ತದೆ ಎಂಬುದು ಮಾತ್ರ ನೀವು ಬಳಸುವ ಕನ್ನಡ ವಿನ್ಯಾಸದ ಮೇಲೆ ನಿಂತಿದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸ ಇಡೀ ಕನ್ನಡ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರಗಳ ಕೀಗಳಲ್ಲೇ ಕೂರಿಸುತ್ತದೆ. ‘ಕ’ಗೆ ಕೆ, ‘ಖ’ಗೆ ಶಿಫ್ಟ್ ಜೊತೆ ಕೆ, ಒತ್ತಕ್ಷರಕ್ಕೆ ನಡುವೆ ಎಫ್. ಹೀಗಾಗಿ ನುಡಿ ಬಳಸುವವರಿಗೆ ಎಷ್ಟು ಚಿಕ್ಕ ಕೀಬೋರ್ಡ್ ಕೊಟ್ಟರೂ ಕನ್ನಡದ ಒಂದಕ್ಷರವೂ ತಪ್ಪಿಹೋಗುವುದಿಲ್ಲ.

ಇನ್‌ಸ್ಕ್ರಿಪ್ಟಿನ ಸಂಗತಿ ಬೇರೆ. ಅದು ಅಕ್ಷರದ ಕೀಗಳ ಆಚೆಗೂ ಚಾಚಿಕೊಂಡಿದೆ. ‘ಡ’ ಇರುವುದು ಚೌಕ ಆವರಣದ ಕೀಯಲ್ಲಿ, ‘ಚ’ ಅರ್ಧವಿರಾಮದ ಕೀಯಲ್ಲಿ, ‘ಟ’ ಉದ್ಧರಣ ಚಿಹ್ನೆಯ ಕೀಯಲ್ಲಿ. ‘ಕೊಡು’, ‘ಗೊತ್ತು’, ‘ಹೊಸ’ ಎಂದು ಬರೆಯಲು ಬೇಕಾದ ಹ್ರಸ್ವ ಒಕಾರದ ಚಿಹ್ನೆ ಇರುವುದು 1ರ ಎಡಕ್ಕಿರುವ ಮೂಲೆಯ ಕೀಯಲ್ಲಿ. 60 ಮತ್ತು 65 ಪರ್ಸೆಂಟಿನ ಬಹುತೇಕ ಕೀಬೋರ್ಡುಗಳಲ್ಲಿ ಆ ಮೂಲೆಯಲ್ಲಿ ಎಸ್ಕೇಪ್ ಕೂತಿರುತ್ತದೆ. ಅಲ್ಲಿಗೆ ಪ್ರತಿ ‘ಕೊ’ಗೂ, ಪ್ರತಿ ‘ಗೊ’ಗೂ ಎಫ್‌ಎನ್ ಒತ್ತಿ ಹಿಡಿಯಬೇಕು. ಇನ್ನೂ ಕೆಳಗಿಳಿದು, ಸಾಲಿಗೆ 12 ಕೀಗಳಂತೆ ನಾಲ್ಕೇ ಸಾಲಿರುವ ‘40 ಪರ್ಸೆಂಟ್’ ಕೊಂಡರೆ ಚೌಕ ಆವರಣದ ಕೀಯೂ ಮೇಲುನೋಟಕ್ಕೆ ಸಿಗುವುದಿಲ್ಲ. ಆಗ ಮಾಡಿ, ನೋಡಿ, ಬೇಡ ಎಂಬ ನಿತ್ಯದ ಮಾತುಗಳಿಗೂ ಪದರ ಬದಲಿಸಬೇಕಾಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಇನ್‌ಸ್ಕ್ರಿಪ್ಟ್ ಬಳಸುವವರು 75 ಪರ್ಸೆಂಟ್ ಅಥವಾ 87 ಕೀಗಳದ್ದನ್ನು ಆರಿಸಿದರೆ ಯಾವ ತಾಪತ್ರಯವೂ ಇಲ್ಲ. ಚಿಕ್ಕದೇ ಬೇಕೆಂದರೆ, ಕೀಗಳನ್ನು ಬದಲಿಸಿಕೊಳ್ಳಲು ಬರುವ ಕೀಬೋರ್ಡ್ ಕೊಂಡು ಮೂಲೆಯ ಎಸ್ಕೇಪನ್ನು ಕ್ಯಾಪ್ಸ್ ಲಾಕ್ ಜಾಗಕ್ಕೆ ಕಳಿಸಿ, ಆ ಮೂಲೆಯನ್ನು ಒಕಾರಕ್ಕೇ ಬಿಟ್ಟುಕೊಡಬೇಕು. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುವ ಕೀಬೋರ್ಡುಗಳಲ್ಲಿ ವಯಾ ಎಂಬ ಸಾಧನದಿಂದ ಇದು ಕೆಲವೇ ನಿಮಿಷಗಳ ಕೆಲಸ. ಬದಲಾವಣೆ ಕೀಬೋರ್ಡಿನ ನೆನಪಿನಲ್ಲೇ ಉಳಿಯುವುದರಿಂದ, ತಂತ್ರಾಂಶ ಹಾಕಲು ಅನುಮತಿಯಿಲ್ಲದ ಕಚೇರಿಯ ಕಂಪ್ಯೂಟರಿಗೆ ಸಿಕ್ಕಿಸಿದರೂ ನಿಮ್ಮ ಜೋಡಣೆ ನಿಮ್ಮ ಜೊತೆಗೇ ಬರುತ್ತದೆ.

ತಪ್ಪು ಕಲ್ಪನೆ 4: ಮೆಕ್ಯಾನಿಕಲ್ ಎಂದರೆ ಮನೆಮಂದಿಯ ನಿದ್ದೆ ಕೆಡಿಸುವ ಟಪಟಪ ಸದ್ದು

ಸತ್ಯ: ಸ್ವಿಚ್ಚುಗಳಲ್ಲಿ ಮುಖ್ಯವಾಗಿ ಮೂರು ಬಗೆ. ನೇರವಾಗಿ ಜಾರಿ ಇಳಿಯುವುದು ಲೀನಿಯರ್. ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣ ಉಬ್ಬು ತಾಗಿಸುವುದು ಟ್ಯಾಕ್ಟೈಲ್. ಉಬ್ಬಿನ ಜೊತೆ ಬೇಕೆಂದೇ ಟಿಕ್ ಎನ್ನಿಸುವುದು ಕ್ಲಿಕ್ಕಿ. ಮೂರನೆಯದನ್ನು ಬಿಟ್ಟರೆ ಉಳಿದೆರಡರಲ್ಲಿ ಕೇಳುವ ಸದ್ದು ಹೆಚ್ಚಾಗಿ ಕೀ ತಳಕ್ಕೆ ಬಡಿಯುವುದರದು, ಮರಳಿ ಮೇಲಕ್ಕೆ ತಾಗುವುದರದು ಮತ್ತು ಟೊಳ್ಳು ಪೆಟ್ಟಿಗೆಯ ಅನುರಣನದ್ದು. ಒಳಗೆ ಫೋಮ್ ಪದರ ಹಾಕಿದರೆ, ಕೆಳಗೆ ದಪ್ಪನೆಯ ಬಟ್ಟೆಯ ಮ್ಯಾಟ್ ಹಾಸಿದರೆ ಎಷ್ಟೋ ತಗ್ಗುತ್ತದೆ. ಸದ್ದಡಗಿಸಲೆಂದೇ ಒಳಗೆ ಮೆತ್ತನೆಯ ತಡೆ ಇಟ್ಟ ‘ಸೈಲೆಂಟ್’ ಸ್ವಿಚ್ಚುಗಳೂ ಇವೆ. ಮಗು ಮಲಗಿರುವ ಕೋಣೆಯಲ್ಲಿ ಕೆಲಸ ಮಾಡುವವರು ಕೇಳಿ ಪಡೆಯಬೇಕಾದದ್ದು ಅದನ್ನೇ.

ತಪ್ಪು ಕಲ್ಪನೆ 5: ಕೆಂಪು ಆಟಕ್ಕೆ, ನೀಲಿ ಟೈಪಿಂಗಿಗೆ, ಕಂದು ಎರಡಕ್ಕೂ, ಬಣ್ಣ ನೋಡಿದರೆ ಸಾಕು

ಸತ್ಯ: ಈ ಬಣ್ಣಗಳ ಭಾಷೆ ಜರ್ಮನಿಯ ಚೆರ್ರಿ ಕಂಪನಿಯದು. 1980ರ ದಶಕದಲ್ಲಿ ಅದು ಹೊರತಂದ ಎಂಎಕ್ಸ್ ಸ್ವಿಚ್ಚುಗಳಲ್ಲಿ ಒಂದೊಂದು ಬಗೆಗೆ ಒಂದೊಂದು ಬಣ್ಣ. ಕೆಂಪು ಎಂದರೆ 45 ಗ್ರಾಂನಷ್ಟು ಒತ್ತಡಕ್ಕೆ ಇಳಿಯುವ, 2 ಮಿಲಿಮೀಟರಿಗೆ ಅಕ್ಷರ ಮೂಡಿಸುವ ಲೀನಿಯರ್. ನೀಲಿ ಎಂದರೆ ಕ್ಲಿಕ್ಕಿ. ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟ್ರಾನ್, ಕೈಲ್ ಮುಂತಾದ ಕಂಪನಿಗಳು ಅದೇ ಅಳತೆಯಲ್ಲಿ ತಯಾರಿಸತೊಡಗಿದವು. ಎಲ್ಲರೂ ಅದೇ ಬಣ್ಣದ ನಿಯಮ ಪಾಲಿಸುತ್ತಿಲ್ಲ. ಚೆರ್ರಿಯ ‘ಕ್ಲಿಯರ್’ ಬಿಗಿಯಾದ ಟ್ಯಾಕ್ಟೈಲ್, ಗೇಟ್ರಾನಿನ ‘ಕ್ಲಿಯರ್’ ಹೂವಿನಷ್ಟು ಹಗುರವಾದ ಲೀನಿಯರ್. ಹೆಸರು ಒಂದೇ ಆದರೂ ಬೆರಳಿಗೆ ಎರಡೂ ಬೇರೆಯೇ. ಬಣ್ಣದ ಬದಲು ಬಗೆ ಯಾವುದು, ಎಷ್ಟು ಒತ್ತಡ ಬೇಕು, ಎಷ್ಟು ಆಳಕ್ಕೆ ಅಕ್ಷರ ಮೂಡುತ್ತದೆ ಎಂದು ಕೇಳಿ. ಭಾರವಾದ ಕೈಯವರಿಗೆ ತೀರಾ ಹಗುರ ಸ್ವಿಚ್ ಕೊಟ್ಟರೆ ಬೆರಳು ಸುಮ್ಮನೆ ತಾಗಿದರೂ ಅಕ್ಷರ ಬೀಳುತ್ತದೆ.

ತಪ್ಪು ಕಲ್ಪನೆ 6: 8000 ಹರ್ಟ್ಸ್ ಇದ್ದರೆ ಟೈಪಿಂಗ್ ವೇಗವಾಗುತ್ತದೆ

ಸತ್ಯ: 1000 ಹರ್ಟ್ಸ್ ಎಂದರೆ ಕಂಪ್ಯೂಟರಿಗೆ ಮಿಲಿಸೆಕೆಂಡಿಗೊಮ್ಮೆ ವರದಿ. ನಿಮಿಷಕ್ಕೆ ನೂರು ಇಂಗ್ಲಿಷ್ ಪದ ಹೊಡೆಯುವ ಚುರುಕು ಕೈಯಲ್ಲೂ ಎರಡು ಕೀಗಳ ನಡುವೆ ಸರಾಸರಿ 120 ಮಿಲಿಸೆಕೆಂಡ್ ಅಂತರವಿರುತ್ತದೆ. ವರದಿಯ ಅಂತರವನ್ನು ಮಿಲಿಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಸಲು ಹೆಚ್ಚು ದುಡ್ಡು ಕೊಟ್ಟರೆ ಬರವಣಿಗೆಗೆ ಬರುವ ಲಾಭ ಏನೂ ಇಲ್ಲ.

ತಪ್ಪು ಕಲ್ಪನೆ 7: ಪಿಬಿಟಿ ಕೀಕ್ಯಾಪ್ ಉತ್ತಮ, ಎಬಿಎಸ್ ಕಳಪೆ, ಯಾವ ಸೆಟ್ ಆದರೂ ಕೂರುತ್ತದೆ

ಸತ್ಯ: ಪಿಬಿಟಿ ಪ್ಲಾಸ್ಟಿಕ್ ಬೆರಳ ಜಿಡ್ಡಿಗೂ ತಿಕ್ಕಾಟಕ್ಕೂ ಬೇಗ ನುಣುಪಾಗುವುದಿಲ್ಲ ಎಂಬುದು ನಿಜ. ಆದರೆ ಅಚ್ಚಿನಲ್ಲಿ ತಣಿಯುವಾಗ ಅದು ಹೆಚ್ಚು ಕುಗ್ಗುತ್ತದೆ, ಉದ್ದನೆಯ ಸ್ಪೇಸ್‌ಬಾರ್ ಬಾಗಿರುವ ಸಾಧ್ಯತೆ ಅದರಲ್ಲೇ ಜಾಸ್ತಿ. ಜರ್ಮನಿಯ ಜಿಎಂಕೆ ಕಂಪನಿಯ ದುಬಾರಿ ಸೆಟ್ಟುಗಳು ಎಬಿಎಸ್‌ನವೇ. ಕೀಕ್ಯಾಪಿನ ಗೋಡೆ ಎಷ್ಟು ದಪ್ಪ, ಅಕ್ಷರ ಹೇಗೆ ಮೂಡಿಸಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಎರಡು ಬಣ್ಣದ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ‘ಡಬಲ್ ಶಾಟ್’ ಅಕ್ಷರ ಎಂದಿಗೂ ಅಳಿಸುವುದಿಲ್ಲ.

ಅಳತೆಯ ವಿಷಯದಲ್ಲಿ ಎಡವುವವರು ಹೆಚ್ಚು. ಪೂರ್ಣ ಗಾತ್ರದಲ್ಲಿ ಬಲಗಡೆಯ ಶಿಫ್ಟ್ ಎರಡೂ ಮುಕ್ಕಾಲು ಕೀಯಷ್ಟು ಉದ್ದ, 65 ಪರ್ಸೆಂಟಿನಲ್ಲಿ ಬಾಣಕ್ಕೆ ಜಾಗ ಬಿಡಲೆಂದು ಸಾಮಾನ್ಯವಾಗಿ ಒಂದೂ ಮುಕ್ಕಾಲು. ಸೆಟ್ಟಿನಲ್ಲಿ ಆ ಗಿಡ್ಡ ಶಿಫ್ಟ್ ಇಲ್ಲದಿದ್ದರೆ ಉಳಿದೆಲ್ಲ ಕೂತು ಅದೊಂದೇ ಬೋಳಾಗಿ ಉಳಿಯುತ್ತದೆ. ಕೊಳ್ಳುವ ಮೊದಲು ಶಿಫ್ಟ್, ಸ್ಪೇಸ್‌ಬಾರ್ ಮತ್ತು ಅದರ ಬಲಕ್ಕಿರುವ ಕೀಗಳನ್ನು ಸ್ಕೇಲ್ ಇಟ್ಟು ಅಳೆಯಿರಿ.

ತಪ್ಪು ಕಲ್ಪನೆ 8: ಕಸ್ಟಮ್ ಮಾಡಲು ಬೆಸುಗೆ ಬರಬೇಕು, ಕಂತೆ ಕಂತೆ ದುಡ್ಡು ಬೇಕು

ಸತ್ಯ: ‘ಹಾಟ್ ಸ್ವಾಪ್’ ಕೀಬೋರ್ಡುಗಳಲ್ಲಿ ಸ್ವಿಚ್ಚನ್ನು ಚಿಮಟದಂಥ ಪುಲ್ಲರಿನಿಂದ ನೆಟ್ಟಗೆ ಎಳೆದು ತೆಗೆದು ಬೇರೆಯದನ್ನು ಒತ್ತಿ ಕೂರಿಸಬಹುದು. ಎಚ್ಚರ ಬೇಕಾದದ್ದು ಒಂದು ಕಡೆ: ಒತ್ತುವ ಮೊದಲು ಸ್ವಿಚ್ಚನ್ನು ತಿರುಗಿಸಿ ಅದರ ಎರಡು ತಾಮ್ರದ ಕಾಲುಗಳು ನೆಟ್ಟಗಿವೆಯೇ ನೋಡಿ. ಸೊಟ್ಟಗಿದ್ದರೆ ಒಳಗೆ ಮಡಚಿಕೊಂಡು ಕೀ ಕೆಲಸವೇ ಮಾಡುವುದಿಲ್ಲ. ಮಡಚಿದ್ದನ್ನು ಚಿಮಟದಿಂದ ನೇರ ಮಾಡಿ ಮತ್ತೆ ಕೂರಿಸಬಹುದು, ಬಲವಂತ ಮಾಡಿದರೆ ಮಾತ್ರ ಕೆಳಗಿನ ಸಾಕೆಟ್ ಕಿತ್ತುಬರುತ್ತದೆ. ಮೂರು ಕಾಲಿನ ಬೋರ್ಡಿಗೆ ಐದು ಕಾಲಿನ ಸ್ವಿಚ್ ಸಿಕ್ಕಿದ್ದರೆ ಹೆಚ್ಚುವರಿ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಕತ್ತರಿಸಿದರಾಯಿತು. ಅಯಸ್ಕಾಂತದಿಂದ ಕೆಲಸ ಮಾಡುವ ‘ಹಾಲ್ ಎಫೆಕ್ಟ್’ ಸ್ವಿಚ್ಚುಗಳನ್ನು ಮಾತ್ರ ಸಾಮಾನ್ಯ ಬೋರ್ಡಿಗೆ ಹಾಕಲು ಬಾರದು.

ಹೊಸ ಸ್ವಿಚ್ಚಿಗೆ ದುಡ್ಡು ಹಾಕುವ ಮೊದಲು ಸ್ಟೆಬಿಲೈಸರ್ ಸರಿಮಾಡಿ. ಸ್ಪೇಸ್‌ಬಾರ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್‌ನಂಥ ಉದ್ದದ ಕೀ ಓರೆಯಾಗದಂತೆ ಹಿಡಿಯುವ ಬಾಗಿದ ತಂತಿ ಅದು. ತಂತಿಯ ಎರಡು ತುದಿಗಳು ಪ್ಲಾಸ್ಟಿಕ್ ಗೂಡಿನೊಳಗೆ ಅಲುಗಾಡುವುದರಿಂದಲೇ ಕೀಬೋರ್ಡ್ ಗಲಗಲ ಎನ್ನುವುದು. ಸಣ್ಣ ಕುಂಚದಿಂದ ಆ ತುದಿಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿದರೆ ಅಗ್ಗದ ಕೀಬೋರ್ಡಿನ ದನಿಯೂ ಗಂಭೀರವಾಗುತ್ತದೆ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ. ಕ್ಲಿಕ್ಕಿ ಸ್ವಿಚ್ಚಿನೊಳಗೆ ಗ್ರೀಸ್ ಹಾಕಿದರೆ ಅದರ ಟಿಕ್ ಸದ್ದೇ ಹೋಗಿಬಿಡುತ್ತದೆ.

ತಪ್ಪು ಕಲ್ಪನೆ 9: ಮೆಕ್ಯಾನಿಕಲ್ ಕೊಂಡರೆ ಮಣಿಕಟ್ಟಿನ ನೋವು ಮಾಯ

ಸತ್ಯ: ಹಾಗೆ ಯಾವ ಕೀಬೋರ್ಡೂ ಮಾತು ಕೊಡಲಾರದು. ಮೆಕ್ಯಾನಿಕಲ್ ಕೀಬೋರ್ಡುಗಳು ಸಾಮಾನ್ಯವಾಗಿ ಎತ್ತರ, ಹಿಂಬದಿಯ ಕಾಲುಗಳನ್ನು ಬಿಡಿಸಿ ಇಟ್ಟರೆ ಮಣಿಕಟ್ಟು ಇನ್ನಷ್ಟು ಮೇಲಕ್ಕೆ ಬಾಗುತ್ತದೆ. ಕಾಲುಗಳನ್ನು ಮಡಚಿಡಿ, ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವಂತೆ ಕುರ್ಚಿ ಹೊಂದಿಸಿ, ಆಗಾಗ ಎದ್ದು ಓಡಾಡಿ. ನೋವು, ಜೋಮು ಬಿಡದಿದ್ದರೆ ಅಂಗಡಿಗಲ್ಲ, ವೈದ್ಯರ ಬಳಿಗೆ ಹೋಗಬೇಕು.

ಕೊಳ್ಳುವ ಮುನ್ನ

ಒಂದು ವಾರ ಈಗಿರುವ ಕೀಬೋರ್ಡಿನಲ್ಲೇ ಗಮನಿಸಿ. ನಂಬರ್ ಪ್ಯಾಡ್, ಎಫ್ ಸಾಲು, ಬಾಣಗಳು, ಹೋಮ್, ಎಂಡ್, 1ರ ಪಕ್ಕದ ಮೂಲೆಯ ಕೀ, ಇವುಗಳಲ್ಲಿ ಯಾವುದನ್ನು ನಿತ್ಯ ಒತ್ತುತ್ತೀರಿ ಎಂದು ಬರೆದಿಡಿ. ಆ ಪಟ್ಟಿಯೇ ನಿಮ್ಮ ಗಾತ್ರವನ್ನು ಹೇಳುತ್ತದೆ. ಆಮೇಲೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಹಾಟ್ ಸ್ವಾಪ್ ಇದೆಯೇ, ಕೀಗಳನ್ನು ಬದಲಿಸಿಕೊಳ್ಳಲು ವಯಾ ಅಥವಾ ಅಂಥದ್ದೇ ಸೌಲಭ್ಯ ಇದೆಯೇ, ಶಿಫ್ಟ್ ಮತ್ತು ಸ್ಪೇಸ್‌ಬಾರ್ ಸಾಮಾನ್ಯ ಅಳತೆಯವೇ. ಈ ಮೂರಕ್ಕೂ ಹೌದು ಎಂಬ ಉತ್ತರ ಬಂದರೆ, ಸ್ವಿಚ್ ಹಿಡಿಸದಿದ್ದರೂ ಅಕ್ಷರ ಬೇಸರವಾದರೂ ಆ ಭಾಗವನ್ನಷ್ಟೇ ಬದಲಿಸಿಕೊಂಡು ಅದೇ ಕೀಬೋರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಬಹುದು. ಬಣ್ಣ, ಬೆಳಕು, ಬ್ರ್ಯಾಂಡ್ ಎಲ್ಲ ಅದರ ನಂತರ, ನಿಮ್ಮ ಇಷ್ಟದಂತೆ.